ಸವಕಳಿ ಯಾರ ಖಾತೆಗೆ?

ಗಿರಣಿಗೆ ಹೊಸ ಯಂತ್ರವೊಂದು ಬಂದರೆ ಅದರ ಹೆಸರಿನಲ್ಲಿ ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ತೆರೆಯುತ್ತದೆ. ವರ್ಷ ವರ್ಷವೂ ಅದು ಎಷ್ಟು ಸವೆಯಿತೆಂದು ಗುಮಾಸ್ತ ಬರೆಯುತ್ತಾನೆ. ಸವೆದಷ್ಟು ಮೊತ್ತವನ್ನು ಲಾಭದಲ್ಲಿ ಕಳೆದು, ಉಳಿದದ್ದಕ್ಕೆ ಮಾತ್ರ ಮಾಲೀಕ ತೆರಿಗೆ ಕಟ್ಟುತ್ತಾನೆ. ಇದಕ್ಕೆ ಸವಕಳಿ ಎಂದು ಹೆಸರು. ಅಂಗಡಿ ಇಟ್ಟುಕೊಂಡವರಿಗೂ ಇದು ಹೊಸದೇನಲ್ಲ. ತಕ್ಕಡಿಗೆ, ಬೀರುವಿಗೆ, ಗಾಡಿಗೆ ಎಲ್ಲಕ್ಕೂ ಸವಕಳಿ ಉಂಟು. ಆದರೆ ಆ ಯಂತ್ರದ ಮುಂದೆ ಮೂವತ್ತು ವರ್ಷ ನಿಂತವನ ಮೊಣಕಾಲು, ಬೆನ್ನು, ಕಿವಿ, ಎದೆಗೂಡು ಸವೆದದ್ದಕ್ಕೆ ಯಾವ ಪುಸ್ತಕದಲ್ಲಿ ಪುಟ ತೆರೆದಿದೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಈ ವಾರ ವಾಚಕರನ್ನು ಅಮೆರಿಕಾದವರೆಗೆ ಕರೆದೊಯ್ಯಬೇಕಾಗಿದೆ. ಅಲ್ಲಿ ಚಕ್ ಬೆಡ್ನಾರಿಕ್ ಎಂಬ ಚೆಂಡಾಟಗಾರನಿದ್ದ. 1949ರಿಂದ 1962ರವರೆಗೆ ಹದಿನಾಲ್ಕು ವರ್ಷ ಫಿಲಡೆಲ್ಫಿಯಾ ಈಗಲ್ಸ್ ಎಂಬ ತಂಡಕ್ಕೆ ಆಡಿದ. ಆಟಗಾರನಿಗೂ ಗಿರಣಿಯ ಕೂಲಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ದಯವಿಟ್ಟು ಕೊನೆಯವರೆಗೆ ಓದಿರಿ. ಅವನ ಮೈದಾನವೂ ಒಂದು ಕಾರ್ಖಾನೆಯೇ ಆಗಿತ್ತೆಂಬುದು ತಾನಾಗಿ ತಿಳಿಯುತ್ತದೆ.

ಡಿಕ್ಕಿ ಹೊಡೆಯುವ ಉದ್ಯೋಗ

ಅಮೆರಿಕಾದವರು ಫುಟ್ಬಾಲ್ ಎನ್ನುವುದು ನಾವು ಕಾಲಿನಿಂದ ಒದ್ದು ಆಡುವ ಆಟವನ್ನಲ್ಲ. ಅಲ್ಲಿ ಚೆಂಡು ತೆಂಗಿನಕಾಯಿಯ ಹಾಗೆ ಉದ್ದುದ್ದ. ಅದನ್ನು ಕೈಯಲ್ಲಿ ಹಿಡಿದು ಓಡಬೇಕು, ಅಥವಾ ಎಸೆಯಬೇಕು. ಎದುರು ಪಕ್ಷದವರು ಓಡುವವನನ್ನು ಹಿಡಿದು ನೆಲಕ್ಕೆ ಕೆಡವಬೇಕು. ಎರಡು ಕಡೆಯಲ್ಲೂ ಹನ್ನೊಂದು ಜನ. ಚೆಂಡನ್ನು ಮುಂದೊಯ್ಯುವ ಸರದಿ ಬಂದಾಗ ಒಂದು ಪಂಗಡ, ತಡೆಯುವ ಸರದಿ ಬಂದಾಗ ಇನ್ನೊಂದು ಪಂಗಡ ಇಳಿಯುವುದು ಈಗಿನ ಪದ್ಧತಿ.

ತಡೆಯುವ ಪಂಗಡದಲ್ಲಿ ಮುಂದಿನ ಸಾಲಿನ ಹಿಂದೆ ನಿಲ್ಲುವವನಿಗೆ ಲೈನ್‌ಬ್ಯಾಕರ್ ಎನ್ನುತ್ತಾರೆ. ಮುಂದಿನ ಸಾಲು ಭೇದಿಸಿ ಬಂದವನನ್ನು ಎದುರಿಗೇ ನುಗ್ಗಿ ಕೆಡವುವುದು ಅವನ ಕೆಲಸ. ಓಡಿ ಬರುವ ಒಬ್ಬ ಆಜಾನುಬಾಹುವಿಗೆ ಇನ್ನೊಬ್ಬ ಆಜಾನುಬಾಹು ಓಡಿಹೋಗಿ ಡಿಕ್ಕಿ ಹೊಡೆಯುವುದೆಂದರೆ ಏನೆಂದು ಊಹಿಸಿಕೊಳ್ಳಿರಿ. ಅದೂ ಒಂದು ಸಲವಲ್ಲ, ಒಂದು ಪಂದ್ಯದಲ್ಲೇ ಹತ್ತಾರು ಸಲ, ವರ್ಷಗಟ್ಟಲೆ. ಅದರ ಮೇಲೆ ಅಭ್ಯಾಸದ ದಿನಗಳ ಪೆಟ್ಟು ಬೇರೆ.

ಉಕ್ಕಿನ ಊರಿನ ಮಗ

ಬೆಡ್ನಾರಿಕ್ ಹುಟ್ಟಿದ್ದು 1925ರ ಮೇ 1ರಂದು. ಕಾರ್ಮಿಕರ ದಿನದಂದೇ! ಊರು ಪೆನ್ಸಿಲ್ವೇನಿಯಾ ರಾಜ್ಯದ ಬೆತ್ಲೆಹೆಮ್. ತಂದೆತಾಯಿ ಸ್ಲೊವಾಕಿಯಾದಿಂದ ಹೊಟ್ಟೆಪಾಡಿಗಾಗಿ ಬಂದ ಬಡವರು. ತಂದೆ ದುಡಿದದ್ದು ಊರಿನ ಬೆತ್ಲೆಹೆಮ್ ಸ್ಟೀಲ್ ಕಂಪನಿಯ ಕುಲುಮೆಗಳ ಬಳಿ. ಸ್ಯಾನ್ ಫ್ರಾನ್ಸಿಸ್ಕೊದ ಪ್ರಸಿದ್ಧ ಗೋಲ್ಡನ್ ಗೇಟ್ ಸೇತುವೆಗೆ ಉಕ್ಕು ಕೊಟ್ಟ ಕಂಪನಿ ಇದೇ. ಆ ಊರಿನ ಕಾರ್ಮಿಕರು ಸಂಘದ ಮಾನ್ಯತೆ ಪಡೆಯಲು ಒಂದು ತಲೆಮಾರು ಹೆಣಗಿದರು. 1910ರಲ್ಲಿ ಭಾನುವಾರದ ಹೆಚ್ಚುವರಿ ದುಡಿಮೆಯ ಪ್ರಶ್ನೆಯಿಂದ ಮುಷ್ಕರ ಹೊತ್ತಿಕೊಂಡಿತು. ಪೊಲೀಸರ ಗುಂಡಿಗೆ ಒಬ್ಬ ಕಾರ್ಮಿಕ ಬಲಿಯಾದ. 1941ರಲ್ಲಿ ಮತ್ತೆ ಮುಷ್ಕರ ನಡೆದ ಮೇಲೆಯೇ ಕಂಪನಿಯ ಬಾಲಂಗೋಚಿ ಸಂಘ ಹೋಗಿ ಕಾರ್ಮಿಕರ ನಿಜವಾದ ಸಂಘ ಬಂತು. ಆಗ ಬೆಡ್ನಾರಿಕ್‌ಗೆ ಹದಿನಾರು ವರ್ಷ.

ಅಷ್ಟರಲ್ಲಿ ಮಹಾಯುದ್ಧ. ಹುಡುಗ ಸೈನ್ಯಕ್ಕೆ ಸೇರಿದ. ಬಿ-24 ಎಂಬ ಬಾಂಬು ವಿಮಾನದಲ್ಲಿ ಫಿರಂಗಿಯವನಾಗಿ ಜರ್ಮನಿಯ ಮೇಲೆ 30 ಸಲ ಹಾರಿ, 30 ಸಲವೂ ಜೀವ ಉಳಿಸಿಕೊಂಡು ಮರಳಿದ. ಆಗಿನ್ನೂ ಇಪ್ಪತ್ತು ತುಂಬುವ ವಯಸ್ಸು. ಮರಳಿದವನು ಕುಲುಮೆಗೆ ಹೋಗದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯ ಸೇರಿದ. ಅಲ್ಲಿ ಚೆಂಡಾಟದಲ್ಲಿ ಅವನ ಹೆಸರು ದೇಶಕ್ಕೆಲ್ಲ ತಿಳಿಯಿತು. 1948ರಲ್ಲಿ ಮ್ಯಾಕ್ಸ್‌ವೆಲ್ ಬಹುಮಾನ ಅವನಿಗೆ ಬಂತು.

ಚೀಟಿ ಎತ್ತಿದ ಮಾಲೀಕರು

ವಿದ್ಯೆ ಮುಗಿದ ಮೇಲೆ ಯಾರ ಹತ್ತಿರ ಕೆಲಸಕ್ಕೆ ಸೇರಬೇಕೆಂಬುದನ್ನು ಅವನು ಆರಿಸಿಕೊಳ್ಳಬಹುದಿತ್ತೆ? ಇಲ್ಲ. ಅಮೆರಿಕಾದ ವೃತ್ತಿಪರ ಚೆಂಡಾಟದ ಮಾಲೀಕರು ತಮ್ಮತಮ್ಮಲ್ಲೇ ಒಂದು ಏರ್ಪಾಡು ಮಾಡಿಕೊಂಡಿದ್ದರು. ಕಾಲೇಜು ಮುಗಿಸಿ ಬರುವ ಹುಡುಗರ ಹೆಸರುಗಳನ್ನು ಪಟ್ಟಿ ಮಾಡಿ, ಸರದಿಯ ಮೇಲೆ ಒಬ್ಬೊಬ್ಬ ಮಾಲೀಕ ಒಬ್ಬೊಬ್ಬನನ್ನು ಆರಿಸಿಕೊಳ್ಳುವುದು. ಆರಿಸಿದ ಮೇಲೆ ಆ ಹುಡುಗನ ಜೊತೆ ಬೇರೆ ಯಾವ ಮಾಲೀಕನೂ ಮಾತಾಡಕೂಡದು. ಇದಕ್ಕೆ ಡ್ರಾಫ್ಟ್ ಎಂದು ಹೆಸರು. 1935ರಲ್ಲಿ ಇದನ್ನು ಸೂಚಿಸಿದವನು ಬರ್ಟ್ ಬೆಲ್, ಆಗಿನ ಈಗಲ್ಸ್ ಮಾಲೀಕ. ಮೊದಲ ಡ್ರಾಫ್ಟ್ ನಡೆದದ್ದು 1936ರಲ್ಲಿ, ಫಿಲಡೆಲ್ಫಿಯಾದಲ್ಲಿಯೇ. ಬಡ ತಂಡಗಳಿಗೂ ಒಳ್ಳೆಯ ಆಟಗಾರರು ಸಿಗಲಿ ಎಂಬುದು ಕೊಟ್ಟ ಕಾರಣ. ಒಬ್ಬ ದುಡಿಮೆಗಾರನಿಗಾಗಿ ಇಬ್ಬರು ಮಾಲೀಕರು ಪೈಪೋಟಿ ಮಾಡಿ ಕೂಲಿ ಏರಿಸುವುದು ನಿಂತುಹೋಯಿತೆಂಬುದು ಆದ ಫಲ.

1949ರ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲು ಆರಿಸಲ್ಪಟ್ಟವನು ಬೆಡ್ನಾರಿಕ್. ಆ ದಿನಗಳಲ್ಲಿ ಮೊದಲ ಆಯ್ಕೆಯ ಹಕ್ಕು ಯಾರಿಗೆಂದು ಮಾಲೀಕರು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಚೀಟಿ ಈಗಲ್ಸ್‌ಗೆ ಬಂತು. ಬೆಡ್ನಾರಿಕ್ ಈಗಲ್ಸ್‌ಗೆ ಹೋದ. ದನದ ಜಾತ್ರೆಯಲ್ಲಿ ಎತ್ತು ತನ್ನ ಒಡೆಯನನ್ನು ಆರಿಸಿಕೊಳ್ಳುವುದುಂಟೆ?

ಮೊದಲ ವರ್ಷದ ಸಂಬಳ 10,000 ಡಾಲರ್. ಹದಿನಾಲ್ಕು ವರ್ಷದಲ್ಲಿ ಅವನು ಮುಟ್ಟಿದ ಅತಿ ಹೆಚ್ಚಿನ ವಾರ್ಷಿಕ ಸಂಬಳ 27,000 ಡಾಲರ್. ಆ ಕಾಲದ ಉಕ್ಕಿನ ಕಾರ್ಮಿಕನ ಕೂಲಿಗಿಂತ ಇದು ಹೆಚ್ಚೇ ಎಂಬುದನ್ನು ಒಪ್ಪಬೇಕು. ಆದರೂ ಆಟವಿಲ್ಲದ ತಿಂಗಳುಗಳಲ್ಲಿ ಅವನು ಕಾಂಕ್ರೀಟ್ ಮಾರಾಟಗಾರನಾಗಿ ತಿರುಗುತ್ತಿದ್ದ. ಪತ್ರಿಕೆಯವನೊಬ್ಬ ಅದನ್ನೇ ಹಿಡಿದು ‘ಕಾಂಕ್ರೀಟ್ ಚಾರ್ಲಿ’ ಎಂದು ಅಡ್ಡಹೆಸರಿಟ್ಟ. ಕಾಂಕ್ರೀಟಿನಂತೆ ಗಟ್ಟಿ ಮೈಯವನು ಎಂಬ ಅರ್ಥ ಆಮೇಲೆ ಅಂಟಿಕೊಂಡಿತು. ಹೆಸರಿನ ಬುಡದಲ್ಲಿ ಇದ್ದದ್ದು ಎರಡನೆಯ ಉದ್ಯೋಗ. ದೇಶದಲ್ಲೇ ಮೊದಲನೆಯವನೆಂದು ಆರಿಸಲ್ಪಟ್ಟ ಆಟಗಾರ ಬಾಗಿಲು ಬಾಗಿಲು ತಿರುಗಿ ಮಾಲು ಮಾರಬೇಕಾಗಿತ್ತು.

ಎರಡು ಖಾತೆಗಳು

ಈಗ ವ್ಯಾಪಾರಿ ಬಂಧುಗಳು ಒಂದು ಲೆಕ್ಕ ನೋಡಬೇಕು. ಬೆಡ್ನಾರಿಕ್ ಸೇರಿದ 1949ರಲ್ಲಿಯೇ ನೂರು ಜನ ಪಾಲುದಾರರ ಕೂಟವೊಂದು ಈಗಲ್ಸ್ ತಂಡವನ್ನು 2,50,000 ಡಾಲರಿಗೆ ಕೊಂಡಿತು. ಅವನು ಆಟ ಬಿಟ್ಟ ಮರುವರ್ಷ, ಅಂದರೆ 1963ರಲ್ಲಿ, ಆ ಕೂಟ ತಂಡವನ್ನು ಮಾರಿದ ಬೆಲೆ ಸುಮಾರು 55 ಲಕ್ಷ ಡಾಲರ್. ಮಾಲೀಕರ ಸೊತ್ತು 22 ಪಾಲು ಬೆಳೆಯಿತು. ಅವರಿಗಾಗಿ ಮೈ ಮುರಿದವನ ಸಂಬಳ ಮೂರು ಪಾಲೂ ಬೆಳೆಯಲಿಲ್ಲ.

ಇನ್ನೊಂದು ಅಂಕಿ. 1962ರಲ್ಲಿ ದೂರದರ್ಶನ ಕಂಪನಿ ಸಿ.ಬಿ.ಎಸ್. ಪಂದ್ಯಗಳನ್ನು ತೋರಿಸಲು ಇಡೀ ಲೀಗಿಗೆ ವರ್ಷಕ್ಕೆ 46.5 ಲಕ್ಷ ಡಾಲರ್ ಕೊಡಲೊಪ್ಪಿತು. ಹದಿನಾಲ್ಕು ತಂಡಗಳಿಗೆ ಹಂಚಿದರೆ ತಲಾ ಮೂರು ಲಕ್ಷದ ಮೂವತ್ತೆರಡು ಸಾವಿರ. 1949ರಲ್ಲಿ ಇಡೀ ತಂಡಕ್ಕೆ ಕೊಟ್ಟ ಕ್ರಯಕ್ಕಿಂತ ಹೆಚ್ಚಿನ ಹಣ ಈಗ ಒಂದೇ ವರ್ಷದಲ್ಲಿ ಮನೆಗೆ ಬರುವಂತಾಯಿತು! ಅಂಗಡಿಯ ಒಳ್ಳೆಯ ಹೆಸರಿಗೂ ಒಂದು ಬೆಲೆಯುಂಟೆಂದು ವ್ಯಾಪಾರಿಗಳಿಗೆ ಗೊತ್ತು. ಆ ಹೆಸರನ್ನು ತಂದುಕೊಟ್ಟವರು ಯಾರು? ಕೂಟದ ಸಭೆಯಲ್ಲಿ ಕೂತವರೋ, ಹೆಪ್ಪುಗಟ್ಟಿದ ನೆಲದ ಮೇಲೆ ಬಿದ್ದೆದ್ದವರೋ?

ಇಬ್ಬರ ಕೆಲಸ ಒಬ್ಬನ ಮೈಮೇಲೆ

ಮಗ್ಗದ ಖಾತೆಯಲ್ಲಿ ದುಡಿಯುವವರಿಗೆ ಒಂದು ಮಾತು ಬೇಗ ಅರ್ಥವಾಗುತ್ತದೆ. ಎರಡು ಮಗ್ಗ ನೋಡುವವನಿಗೆ ನಾಲ್ಕು ಮಗ್ಗ ಒಪ್ಪಿಸಿದರೆ ಮಾಲೀಕನಿಗೆ ಒಂದು ಕೂಲಿ ಉಳಿಯಿತು. 1950ರಿಂದ ಲೀಗಿನಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಾಯಿಸಬಹುದೆಂಬ ನಿಯಮ ಬಂದು, ಒಂದು ಸರದಿಗೆ ಒಬ್ಬ, ಇನ್ನೊಂದಕ್ಕೆ ಇನ್ನೊಬ್ಬ ಎಂಬ ಪದ್ಧತಿ ನೆಲೆಗೊಂಡಿತು. ಬೆಡ್ನಾರಿಕ್ ಎರಡೂ ಕೆಲಸ ಬಲ್ಲವನು. ಚೆಂಡು ಮುಂದೊಯ್ಯುವಾಗ ಸಾಲಿನ ನಡುವೆ ಬಗ್ಗಿ ನಿಂತು ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್, ತಡೆಯುವಾಗ ಲೈನ್‌ಬ್ಯಾಕರ್.

1959ರಲ್ಲಿಯೇ ನಿವೃತ್ತನಾಗಲು ಹೊರಟಿದ್ದವನು 1960ರಲ್ಲಿ ಮತ್ತೆ ಮೈದಾನಕ್ಕಿಳಿದ. ವಯಸ್ಸು 35. ಸೆಂಟರ್ ಕೆಲಸವೊಂದೇ ಎಂದು ಲೆಕ್ಕ. ಲೈನ್‌ಬ್ಯಾಕರ್ ಬಾಬ್ ಪೆಲೆಗ್ರಿನಿ ಪೆಟ್ಟು ತಿಂದು ಹೊರಗೆ ಹೋದಾಗ ತರಬೇತುದಾರ ಬಕ್ ಶಾ ಇವನನ್ನೇ ಆ ಜಾಗಕ್ಕೂ ಕಳಿಸಿದ. ಹೀಗೆ ಒಂದೇ ಮೈ ಎರಡೂ ಪಾಳಿ ದುಡಿಯಿತು.

ಆ ವರ್ಷದ ನವೆಂಬರ್ 20ರಂದು ನ್ಯೂಯಾರ್ಕಿನ ಯಾಂಕಿ ಮೈದಾನದಲ್ಲಿ ಪಂದ್ಯ. ಈಗಲ್ಸ್ 17, ನ್ಯೂಯಾರ್ಕ್ ಜಯಂಟ್ಸ್ 10. ಜಯಂಟ್ಸ್ ತಂಡದ ಫ್ರಾಂಕ್ ಗಿಫರ್ಡ್ ಎಂಬ ಸುಪ್ರಸಿದ್ಧ ಆಟಗಾರ ಚೆಂಡು ಹಿಡಿದು ತಿರುಗುವಷ್ಟರಲ್ಲಿ ಬೆಡ್ನಾರಿಕ್ ಎದೆಗೆ ಡಿಕ್ಕಿ ಹೊಡೆದ. ಗಿಫರ್ಡ್‌ನ ತಲೆ ನೆಲಕ್ಕೆ ಅಪ್ಪಳಿಸಿತು, ಎಚ್ಚರ ತಪ್ಪಿತು. ಚೆಂಡು ಈಗಲ್ಸ್ ಪಾಲಾಯಿತು. ಬಿದ್ದವನ ಮೇಲೆ ನಿಂತು ಮುಷ್ಟಿ ಬೀಸಿ ಕೂಗುತ್ತಿರುವ ಬೆಡ್ನಾರಿಕ್‌ನ ಛಾಯಾಚಿತ್ರ ಅಮೆರಿಕಾದ ಆಟದ ಚರಿತ್ರೆಯಲ್ಲೇ ಹೆಸರಾಯಿತು. ಬಿದ್ದವನನ್ನು ಅಣಕಿಸಿದ್ದಲ್ಲ, ಪಂದ್ಯ ಗೆದ್ದ ಸಂಭ್ರಮದಲ್ಲಿ ಕೂಗಿದ್ದು ಎಂದು ಬೆಡ್ನಾರಿಕ್ ಕೊನೆಯವರೆಗೂ ಹೇಳಿದ. ನಿಯಮಕ್ಕೆ ಸರಿಯಾದ ಹೊಡೆತವೇ ಎಂದು ಗಿಫರ್ಡ್ ಕೂಡ ಒಪ್ಪಿದ. ಗಿಫರ್ಡ್ ಆ ವರ್ಷದ ಉಳಿದ ಪಂದ್ಯಗಳನ್ನೂ 1961ರ ಇಡೀ ಋತುವನ್ನೂ ಕಳೆದುಕೊಂಡು 1962ರಲ್ಲಿ ಮರಳಿದ.

ಡಿಸೆಂಬರ್ 26ರಂದು ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಮೈದಾನದಲ್ಲಿ 67,000ಕ್ಕೂ ಹೆಚ್ಚು ಜನರ ಮುಂದೆ ಅಂತಿಮ ಪಂದ್ಯ, ಗ್ರೀನ್ ಬೇ ಪ್ಯಾಕರ್ಸ್ ತಂಡದ ವಿರುದ್ಧ. 60 ನಿಮಿಷದ ಆಟದಲ್ಲಿ 58 ನಿಮಿಷ ಬೆಡ್ನಾರಿಕ್ ಮೈದಾನದಲ್ಲಿದ್ದ. ಕೊನೆಯ ಗಳಿಗೆಯಲ್ಲಿ ಪ್ಯಾಕರ್ಸ್ ತಂಡದ ಜಿಮ್ ಟೇಲರ್ ಗೆರೆಯ ಹತ್ತಿರ ನುಗ್ಗಿ ಬಂದಾಗ ಅವನನ್ನು ಕೆಡವಿ, ಗಡಿಯಾರ ಮುಗಿಯುವವರೆಗೂ ಏಳಗೊಡದೆ ಮೇಲೆ ಕೂತ. ಈಗಲ್ಸ್ 17-13ರಿಂದ ಗೆದ್ದಿತು. ಫಿಲಡೆಲ್ಫಿಯಾಕ್ಕೆ ಅಂಥ ಪಟ್ಟ ಮತ್ತೆ ಬಂದದ್ದು 2018ರಲ್ಲಿ. ಆಟಗಾರನ ಸಾಹಸವನ್ನು ಕಡಿಮೆ ಮಾಡಿ ಹೇಳುವುದು ನಮ್ಮ ಉದ್ದೇಶವಲ್ಲ. ಅಂಥ ಗಂಡೆದೆ ಸಾವಿರಕ್ಕೊಬ್ಬನಿಗೂ ಇರುವುದು ಅನುಮಾನ. ಆದರೆ ಇಬ್ಬರ ಕೆಲಸ ಮಾಡಿದವನಿಗೆ ಇಬ್ಬರ ಕೂಲಿ ಕೊಡಲಿಲ್ಲ. ‘ಅರವತ್ತು ನಿಮಿಷದ ಗಂಡು’ ಎಂಬ ಬಿರುದು ಕೊಟ್ಟರು. ಬಿರುದು ಕೊಡಲು ಮಾಲೀಕನಿಗೆ ಕಾಸು ಖರ್ಚಿಲ್ಲ.

ಶತ್ರುಗಳಲ್ಲ, ಒಂದೇ ಕಸುಬಿನವರು

ಆ ಛಾಯಾಚಿತ್ರವನ್ನು ನೋಡುವವರು ಬೆಡ್ನಾರಿಕ್, ಗಿಫರ್ಡ್ ಇಬ್ಬರನ್ನೂ ಹಗೆಗಳೆಂದು ತಿಳಿಯುತ್ತಾರೆ. ಚಿತ್ರದಲ್ಲಿ ಕಾಣದ ಒಂದು ಸಂಗತಿಯಿದೆ. 1956ರಲ್ಲಿ ಲೀಗಿನ ಆಟಗಾರರು ತಮ್ಮದೊಂದು ಸಂಘ ಕಟ್ಟಲು ಹೊರಟರು. ಅವರ ಬೇಡಿಕೆಗಳನ್ನು ಕೇಳಿದರೆ ಗಿರಣಿಯ ಸಂಘದ ಮನವಿಪತ್ರದಂತೆಯೇ ಇದೆ. ವರ್ಷಕ್ಕೆ ಕನಿಷ್ಠ 5,000 ಡಾಲರ್ ಸಂಬಳ ಕೊಡಿ. ಆಟದ ಉಡುಪು ಸಾಮಗ್ರಿಯ ಖರ್ಚನ್ನು ನೀವೇ ಹೊರಿರಿ. ಪೆಟ್ಟು ತಿಂದು ಮಲಗಿದವನ ಸಂಬಳ ನಿಲ್ಲಿಸಬೇಡಿ. ಸಂಘಕ್ಕೆ ಸಹಿ ಹಾಕಿದವರಲ್ಲಿ ಫ್ರಾಂಕ್ ಗಿಫರ್ಡ್ ಒಬ್ಬ. ಮುಂದೆ ಈಗಲ್ಸ್ ತಂಡಕ್ಕೆ ಬಂದು 1960ರಲ್ಲಿ ಬೆಡ್ನಾರಿಕ್‌ನ ಜೊತೆ ಪಟ್ಟ ಗೆದ್ದ ನಾರ್ಮ್ ವ್ಯಾನ್ ಬ್ರಾಕ್ಲಿನ್ ಇನ್ನೊಬ್ಬ.

ಮಾಲೀಕರು ಮೊದಲು ಕಿವಿಗೊಡಲಿಲ್ಲ. ಅಷ್ಟರಲ್ಲಿ ಬಿಲ್ ರಾಡೊವಿಚ್ ಎಂಬ ಆಟಗಾರನ ಖಟ್ಲೆ ಸುಪ್ರೀಂ ಕೋರ್ಟಿಗೆ ಬಂತು. ತನ್ನ ತಂಡ ಬಿಟ್ಟು ಬೇರೆ ಲೀಗಿಗೆ ಹೋದನೆಂದು ಮಾಲೀಕರೆಲ್ಲ ಸೇರಿ ಅವನಿಗೆ ಎಲ್ಲಿಯೂ ಕೆಲಸ ಸಿಗದಂತೆ ಮಾಡಿದ್ದರು. ಚೆಂಡಾಟವೂ ಒಂದು ವ್ಯಾಪಾರವೇ, ಏಕಸ್ವಾಮ್ಯ ವಿರೋಧಿ ಕಾನೂನು ಅದಕ್ಕೂ ಅನ್ವಯಿಸುತ್ತದೆ ಎಂದು ಕೋರ್ಟು 1957ರಲ್ಲಿ ತೀರ್ಪಿತ್ತಿತು. ಆ ವರ್ಷದ ಕೊನೆಗೆ ಲೀಗು ಸಂಘವನ್ನು ಮಾನ್ಯ ಮಾಡಿತು. ಕೂಲಿಗಾರ ಕೇಳಿದಾಗ ಕೊಡದ ಮಾಲೀಕ ಕಾನೂನು ಕತ್ತು ಹಿಡಿದಾಗ ಕೊಟ್ಟ. ಇದನ್ನು ಓದುವ ಎಷ್ಟೋ ಜನರಿಗೆ ಇದು ಮನೆಯ ಕಥೆಯಂತೆಯೇ ತೋರೀತು.

ಪಿಂಚಣಿಯೂ ಸಂಘದ ಒತ್ತಾಯದಿಂದಲೇ ಬಂತು. ಆದರೆ 1959ಕ್ಕೆ ಮೊದಲು ಆಟ ಬಿಟ್ಟವರನ್ನು ಅದರಿಂದ ಹೊರಗಿಟ್ಟರು. ಲೀಗನ್ನು ಕಟ್ಟಿದ ಆ ಮುದುಕರಿಗೆ 1987ರವರೆಗೆ ಏನೂ ಇಲ್ಲ. ಆಮೇಲೆ ಕೊಟ್ಟದ್ದು ಆಡಿದ ಒಂದೊಂದು ಋತುವಿಗೆ ತಿಂಗಳಿಗೆ 60 ಡಾಲರ್. ಅಷ್ಟರಲ್ಲಿ ಎಷ್ಟೋ ಜನ ಕಣ್ಣು ಮುಚ್ಚಿದ್ದರು.

ಸವಕಳಿಯ ಚಮತ್ಕಾರ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮನುಷ್ಯನ ಮೈ ಸವೆಯುವುದಕ್ಕೆ ಲೆಕ್ಕದ ಪುಸ್ತಕದಲ್ಲಿ ಪುಟವಿಲ್ಲ ಎಂದೆವು. ಅಮೆರಿಕಾದಲ್ಲಿ ಪುಟವುಂಟು! ಅದಿರುವುದು ಮಾಲೀಕನ ಪುಸ್ತಕದಲ್ಲಿ.

ಬೇಸ್‌ಬಾಲ್ ತಂಡದ ಮಾಲೀಕನಾಗಿದ್ದ ಬಿಲ್ ವೀಕ್ ಎಂಬ ಜಾಣ ಒಂದು ದಾರಿ ಹುಡುಕಿದ. ತಂಡವನ್ನು ಕೊಳ್ಳುವಾಗ ಕೊಟ್ಟ ಕ್ರಯದ ದೊಡ್ಡ ಭಾಗ ಆಟಗಾರರ ಕರಾರುಗಳಿಗೆ ಕೊಟ್ಟದ್ದೆಂದು ತೋರಿಸುವುದು. ಆಟಗಾರರು ವರ್ಷ ವರ್ಷವೂ ಸವೆಯುತ್ತಾರಲ್ಲವೆ? ಆದ್ದರಿಂದ ಆ ಮೊತ್ತವನ್ನು ಯಂತ್ರದ ಸವಕಳಿಯಂತೆ ಲಾಭದಲ್ಲಿ ಕಳೆಯುತ್ತ ಹೋಗುವುದು. ತೆರಿಗೆ ಇಲಾಖೆಯವರು ಎಷ್ಟು ಮೊತ್ತವೆಂಬುದರ ಮೇಲೆ ತಕರಾರು ಮಾಡಿದರು. ಆದರೆ ಅಟ್ಲಾಂಟಾ ಫಾಲ್ಕನ್ಸ್ ಎಂಬ ಫುಟ್ಬಾಲ್ ತಂಡದ ಮಾಲೀಕರ ಖಟ್ಲೆಯಲ್ಲಿ, ಆಟಗಾರರ ಕರಾರುಗಳು ಸವಕಳಿ ಹಾಕತಕ್ಕ ಆಸ್ತಿಯೇ ಎಂಬ ವಾದವನ್ನು 1977ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಿತು. 2004ರ ಕಾನೂನು ಇನ್ನೂ ಉದಾರ; ತಂಡದ ಕ್ರಯದ ಹೆಚ್ಚುಕಡಿಮೆ ಎಲ್ಲ ಭಾಗವನ್ನೂ ಹದಿನೈದು ವರ್ಷಗಳಲ್ಲಿ ಹೀಗೆ ಕಳೆದುಕೊಳ್ಳಲು ಬಿಟ್ಟಿದೆ.

ಇದರ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ಮುರಿಯುವ ಬೆರಳು ಆಟಗಾರನದು, ಸವೆಯುವ ಕೀಲು ಆಟಗಾರನದು, ಅದಕ್ಕಾಗಿ ತೆರಿಗೆಯಲ್ಲಿ ರಿಯಾಯಿತಿ ಮಾತ್ರ ಮಾಲೀಕನಿಗೆ. ತನ್ನ ಮೈಯೇ ತನ್ನ ಬಂಡವಾಳ, ಅದು ಈ ವರ್ಷ ಇಷ್ಟು ಸವೆಯಿತು ಎಂದು ಆಟಗಾರ ತನ್ನ ಸಂಬಳದ ಲೆಕ್ಕದಲ್ಲಿ ಬರೆದರೆ ಯಾವ ಅಧಿಕಾರಿಯೂ ಒಪ್ಪುವುದಿಲ್ಲ. ಬೆಡ್ನಾರಿಕ್ ಹದಿನಾಲ್ಕು ಋತುಗಳಲ್ಲಿ ತಪ್ಪಿಸಿಕೊಂಡದ್ದು ಮೂರೇ ಪಂದ್ಯ. ಮುಪ್ಪಿನಲ್ಲಿ ಅವನ ಕೈಬೆರಳುಗಳು ಮುರಿದ ಕಡ್ಡಿಗಳಂತೆ ದಿಕ್ಕಿಗೊಂದಾಗಿ ಸೊಟ್ಟಗಾಗಿದ್ದವು. ನೋಡಲು ಬಂದವರಿಗೆ ಅವನು ಅದನ್ನು ಪದಕದಂತೆ ತೋರಿಸುತ್ತಿದ್ದ. ಸವಕಳಿಯ ದಾಖಲೆ ಇದ್ದದ್ದು ಅವನ ಕೈಯಲ್ಲೊಂದೇ.

ಮುದುಕನ ಸಿಟ್ಟು

ಗೌರವಕ್ಕೇನೂ ಕೊರತೆಯಾಗಲಿಲ್ಲ. 1967ರಲ್ಲಿ ಕೀರ್ತಿಶಾಲಿಗಳ ಸಾಲಿಗೆ ಸೇರಿಸಿದರು. ಫ್ರಾಂಕ್ಲಿನ್ ಮೈದಾನದಲ್ಲಿ ಪ್ರತಿಮೆ ನಿಲ್ಲಿಸಿದರು. ಕಾಲೇಜಿನ ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಕೊಡುವ ಬಹುಮಾನಕ್ಕೆ ಅವನ ಹೆಸರಿಟ್ಟರು. ಅವನು ತೊಟ್ಟ ಅಂಗಿಯ 60ನೆಯ ನಂಬರನ್ನು ಬೇರೆ ಯಾರೂ ತೊಡಕೂಡದೆಂದು ಅದಕ್ಕೆ ನಿವೃತ್ತಿ ಕೊಟ್ಟರು.

ಆದರೂ ಮುದುಕನಲ್ಲಿ ಸಿಟ್ಟು ಹೊಗೆಯಾಡುತ್ತಿತ್ತು. ಈಗಿನ ಆಟಗಾರರು ಒಂದೇ ಸರದಿ ಆಡಿ ಕೋಟಿ ಎಣಿಸುತ್ತಾರೆ, ಇವರು ನಮ್ಮಂಥ ಗಂಡುಗಳಲ್ಲ ಎಂದು ಬಾಯಿ ತುಂಬ ಬೈಯುತ್ತಿದ್ದ. ತಂಡದ ಹೊಸ ಮಾಲೀಕ ಜೆಫ್ರಿ ಲೂರಿಯ ಮೇಲೂ ಮುನಿಸು. ತನ್ನ ಜೀವನ ಕುರಿತ ಪುಸ್ತಕದ ನೂರು ಪ್ರತಿ ಕೊಂಡು ಆಟಗಾರರಿಗೆ ಹಂಚಿರೆಂದು ಕೇಳಿದ್ದಕ್ಕೆ, ಲೀಗಿನ ನಿಯಮ ಅಡ್ಡಬರುತ್ತದೆಂದು ಮಾಲೀಕ ಒಪ್ಪಲಿಲ್ಲ. ಅದೇ ನೆಪವಾಗಿ ಮನಸ್ಸು ಮುರಿಯಿತು. 2005ರಲ್ಲಿ ಈಗಲ್ಸ್ ಅಂತಿಮ ಪಂದ್ಯಕ್ಕೆ ಬಂದಾಗ ಅವರು ಸೋಲಲಿ ಎಂದೇ ಬಯಸಿದ. 2006ರಲ್ಲಿ ರಾಜಿಯಾಯಿತು. ಕೋಟಿಗಳ ಒಡೆಯನೊಬ್ಬ, ಲೀಗಿನ ಮೊದಲ ಸಾಲಿನ ಆಟಗಾರನೊಬ್ಬ ನೂರು ಪುಸ್ತಕದ ಬೆಲೆಗೆ ಮುನಿಸಿಕೊಂಡದ್ದನ್ನು ಕೇಳಿ ನಗು ಬರಬಹುದು. ನೂರು ಪುಸ್ತಕದ ಹಿಂದೆ ಹದಿನಾಲ್ಕು ವರ್ಷದ ಬಾಕಿ ಇತ್ತೆಂಬುದನ್ನು ತಿಳಿದರೆ ನಗು ಬರಲಾರದು.

ಆದರೆ ಮುದುಕನ ಸಿಟ್ಟಿನಲ್ಲಿ ಅರ್ಧ ಮಾತ್ರ ನ್ಯಾಯವಿತ್ತೆಂದು ಸ್ಪಷ್ಟವಾಗಿ ಹೇಳಬೇಕು. ತನಗೆ ಕಡಿಮೆ ಕೊಟ್ಟರೆಂಬುದು ನಿಜ. ಅದಕ್ಕೆ ಹೊಣೆ ಈಗಿನ ಹುಡುಗರಲ್ಲ. ಇಂದಿನ ಆಟಗಾರರಿಗೆ ಲೀಗಿನ ಆದಾಯದಲ್ಲಿ ಸುಮಾರು ಶೇಕಡ 48ರಷ್ಟು ಪಾಲು ಸಿಗುತ್ತಿರುವುದು ಯಾವ ಮಾಲೀಕನ ದಯೆಯಿಂದಲೂ ಅಲ್ಲ. 1982ರಲ್ಲಿ, 1987ರಲ್ಲಿ ಮುಷ್ಕರ ಹೂಡಿ, ಸೋತು, ಕೋರ್ಟಿಗೆ ಹೋಗಿ, 1993ರಲ್ಲಿ ಬೇಕಾದ ತಂಡಕ್ಕೆ ಹೋಗುವ ಸ್ವಾತಂತ್ರ್ಯ ಪಡೆದದ್ದರಿಂದ. ಹಳೆಯ ಕೂಲಿಗಾರ ಹೊಸ ಕೂಲಿಗಾರನನ್ನು ಬೈಯುತ್ತಿದ್ದರೆ ಮಾಲೀಕನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ‘ನಮ್ಮ ಕಾಲದಲ್ಲಿ ನಾವು ಹನ್ನೆರಡು ಗಂಟೆ ದುಡಿಯುತ್ತಿದ್ದೆವು’ ಎಂದು ಹೆಮ್ಮೆ ಪಡುವ ಹಿರಿಯರು ಎಲ್ಲ ಗಿರಣಿಗಳಲ್ಲೂ ಇದ್ದಾರೆ. ಅವರ ಹೆಮ್ಮೆಯನ್ನು ಗೌರವಿಸೋಣ. ಆ ಹೆಮ್ಮೆಯನ್ನೇ ಎಂಟು ಗಂಟೆಯ ವಿರುದ್ಧ ಸಾಕ್ಷಿಯಾಗಿ ಎಳೆದು ತರಲು ಯಾರಿಗೂ ಬಿಡಬಾರದು.

ಕೋಟ್ಯಾಧೀಶ ಆಟಗಾರರಿಗಾಗಿ ಬಡವರ ಪತ್ರಿಕೆ ಏಕೆ ಮರುಗಬೇಕು ಎಂಬ ಆಕ್ಷೇಪವೂ ಬರಬಹುದು. ಕೋಟಿ ಪಡೆಯುವವರು ಕೆಲವರು. ಲೀಗಿನಲ್ಲಿ ಒಬ್ಬ ಆಟಗಾರ ಸರಾಸರಿ ಉಳಿಯುವುದು ಮೂರು ನಾಲ್ಕು ವರ್ಷ. ಕರಾರಿನಲ್ಲಿ ಬರೆದ ಹಣದ ಬಹುಭಾಗ, ಪೆಟ್ಟು ತಿಂದು ಕೆಲಸ ಹೋದರೆ, ಕೈಗೆ ಬರುವ ಖಾತರಿಯಿಲ್ಲ. ಇತ್ತ 2021ರಲ್ಲಿ ಲೀಗು ಮಾಡಿಕೊಂಡ ದೂರದರ್ಶನ ಒಪ್ಪಂದಗಳ ಮೊತ್ತ ಹನ್ನೊಂದು ವರ್ಷಕ್ಕೆ 10,000 ಕೋಟಿ ಡಾಲರಿಗೂ ಮೀರಿದ್ದು.

ತಲೆಯೊಳಗಿನ ಸವಕಳಿ

ಬೆರಳು ಸೊಟ್ಟಗಾದದ್ದು ಕಣ್ಣಿಗೆ ಕಾಣುತ್ತದೆ. ಕಾಣದ ಸವಕಳಿಯೊಂದಿದೆ. 2002ರಲ್ಲಿ ತೀರಿಕೊಂಡ ಮೈಕ್ ವೆಬ್‌ಸ್ಟರ್ ಎಂಬ ಆಟಗಾರನ ಮೆದುಳನ್ನು ಪರೀಕ್ಷಿಸಿದ ಬೆನೆಟ್ ಒಮಾಲು ಎಂಬ ವೈದ್ಯರು, ಪದೇ ಪದೇ ಪೆಟ್ಟು ಬಿದ್ದ ಮೆದುಳಿನಲ್ಲಿ ಕಾಣುವ ಸಿ.ಟಿ.ಇ. ಎಂಬ ರೋಗದ ಗುರುತುಗಳನ್ನು ಕಂಡು 2005ರಲ್ಲಿ ಪ್ರಕಟಿಸಿದರು. ಮರೆವು, ಸಿಟ್ಟು, ಖಿನ್ನತೆ, ಬುದ್ಧಿಭ್ರಮೆ ಇವು ಇದರೊಡನೆ ಕಂಡುಬರುವ ಲಕ್ಷಣಗಳು. ಸತ್ತ ಮೇಲೆ ಮೆದುಳನ್ನು ಕೊಯ್ದು ನೋಡಿಯೇ ಖಚಿತವಾಗಿ ಹೇಳಬೇಕು. 2017ರಲ್ಲಿ ಬಾಸ್ಟನ್ನಿನ ವಿಜ್ಞಾನಿಗಳು ಲೀಗಿನಲ್ಲಿ ಆಡಿದ್ದ 111 ಜನರ ಮೆದುಳುಗಳಲ್ಲಿ 110ರಲ್ಲಿ ಈ ರೋಗವಿದ್ದುದನ್ನು ವರದಿ ಮಾಡಿದರು. ಲಕ್ಷಣ ಕಂಡ ಕುಟುಂಬಗಳೇ ಹೆಚ್ಚಾಗಿ ಮೆದುಳು ದಾನ ಮಾಡಿದ್ದರಿಂದ ಎಲ್ಲ ಆಟಗಾರರಿಗೂ ಇದೇ ಪ್ರಮಾಣ ಎನ್ನಲಾಗದು. ಆದರೂ ಸಂಖ್ಯೆ ಎದೆ ನಡುಗಿಸುವಂಥದು.

ಲೀಗು ಏನು ಮಾಡಿತು? 1994ರಲ್ಲಿ ತಲೆಯ ಪೆಟ್ಟಿನ ವಿಚಾರಣೆಗೆ ತನ್ನದೇ ಸಮಿತಿ ಮಾಡಿ, ಕೀಲುರೋಗದ ವೈದ್ಯನೊಬ್ಬನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿತು. ಅಂಥ ದೊಡ್ಡ ಅಪಾಯವೇನಿಲ್ಲವೆಂದು ವರ್ಷಗಟ್ಟಲೆ ಸಮಿತಿ ಬರೆಯಿತು. ಆಟಕ್ಕೂ ಈ ರೋಗಕ್ಕೂ ಸಂಬಂಧವುಂಟೆಂದು ಲೀಗಿನ ಅಧಿಕಾರಿ ಸಂಸತ್ತಿನ ಸದಸ್ಯರ ಮುಂದೆ ಒಪ್ಪಿದ್ದು 2016ರಲ್ಲಿ. ಸಾವಿರಾರು ನಿವೃತ್ತ ಆಟಗಾರರು ಹೂಡಿದ ದಾವೆಯಲ್ಲಿ 2015ರಲ್ಲಿ ಒಪ್ಪಂದ ಮಂಜೂರಾಯಿತು. ಅದರಲ್ಲೂ ಕರಿಯ ಜನಾಂಗದ ಆಟಗಾರರ ಬುದ್ಧಿಶಕ್ತಿ ಹುಟ್ಟಿನಿಂದಲೇ ಕಡಿಮೆ ಎಂದು ಹಿಡಿದು ಪರಿಹಾರ ತಪ್ಪಿಸುವ ಲೆಕ್ಕಾಚಾರ ನುಸುಳಿತ್ತು. ಆಟಗಾರರು ಮತ್ತೆ ಹೋರಾಡಿದ ಮೇಲೆ, 2021ರಲ್ಲಿ ಅದನ್ನು ಕೈಬಿಡಲು ಲೀಗು ಒಪ್ಪಿತು.

ಬೆಡ್ನಾರಿಕ್ ತೀರಿಕೊಂಡದ್ದು 2015ರ ಮಾರ್ಚ್ 21ರಂದು, 89ನೆಯ ವಯಸ್ಸಿನಲ್ಲಿ. ಅಲ್ಪಕಾಲದ ಅಸ್ವಸ್ಥತೆಯಿಂದ ಎಂದು ತಂಡ ಪ್ರಕಟಿಸಿತು. ಮನೆಯವರು ಅದನ್ನು ಒಪ್ಪಲಿಲ್ಲ. ವರ್ಷಗಳಿಂದ ಮರೆವಿನ ರೋಗವಿತ್ತು, ಆಟದ ಪೆಟ್ಟುಗಳೂ ಅದಕ್ಕೆ ಕಾರಣ ಎಂದರು. ಇದು ಮನೆಯವರ ಮಾತು, ವೈದ್ಯಶಾಸ್ತ್ರದ ತೀರ್ಪಲ್ಲ. ಅದೇ ವರ್ಷ ಆಗಸ್ಟ್ 9ರಂದು ಫ್ರಾಂಕ್ ಗಿಫರ್ಡ್ ತೀರಿಕೊಂಡ. ಅವನ ಮೆದುಳಿನಲ್ಲಿ ಸಿ.ಟಿ.ಇ. ಇದ್ದುದನ್ನು ಅವನ ಕುಟುಂಬ ನವೆಂಬರಿನಲ್ಲಿ ಪ್ರಕಟಿಸಿತು. ಹೊಡೆದವನು, ಹೊಡೆಸಿಕೊಂಡವನು ಇಬ್ಬರೂ ಒಂದೇ ವರ್ಷ ಹೋದರು. ಆ ಛಾಯಾಚಿತ್ರ ಮಾತ್ರ ಇನ್ನೂ ಮಾರಾಟವಾಗುತ್ತಿದೆ.

ಕುಲುಮೆಗೆ ಹೋದವರ ಗತಿ

ಬೆಡ್ನಾರಿಕ್ ತಂದೆಯಂತೆ ಉಕ್ಕಿನ ಕೆಲಸಕ್ಕೇ ಹೋಗಿದ್ದರೆ ಮುಪ್ಪು ಸುಖವಾಗಿರುತ್ತಿತ್ತೆ? ಅದನ್ನೂ ನೋಡಿಬಿಡೋಣ. ಬೆತ್ಲೆಹೆಮ್ ಊರಿನ ಕುಲುಮೆಗಳು 1995ರಲ್ಲಿ ಆರಿದವು. 2001ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಕೊರತೆ ಬಿದ್ದ ಪಿಂಚಣಿ ನಿಧಿಯನ್ನು ಸರಕಾರದ ವಿಮಾ ನಿಗಮ ವಹಿಸಿಕೊಳ್ಳಬೇಕಾಯಿತು. 2003ರ ಮಾರ್ಚ್ ಕೊನೆಗೆ ನಿವೃತ್ತ ಕಾರ್ಮಿಕರು ಮತ್ತು ಅವರ ಅವಲಂಬಿತರು, ಸುಮಾರು 95,000 ಜನ, ಕಂಪನಿ ಕೊಡುತ್ತಿದ್ದ ಆರೋಗ್ಯ ವಿಮೆ ಕಳೆದುಕೊಂಡರು. ಜೀವಮಾನದ ದುಡಿಮೆಗೆ ಪ್ರತಿಯಾಗಿ ಕೊಟ್ಟ ಮಾತು ಅದು. 2009ರಲ್ಲಿ ಆ ಕಾರ್ಖಾನೆಯ ಜಾಗದಲ್ಲಿ ಒಂದು ಜೂಜಿನ ಮನೆ ತೆರೆಯಿತು.

ಹಾಗಾದರೆ ಮೈದಾನಕ್ಕೆ ಹೋದ ಮಗನಿಗೂ ಕುಲುಮೆಯ ಬಳಿ ಉಳಿದ ನೆರೆಯವರಿಗೂ ಕೊನೆಯಲ್ಲಿ ಎದುರಾದ ಪ್ರಶ್ನೆ ಒಂದೇ. ಮೈಯ ಸವಕಳಿಯನ್ನು ದುಡಿಸಿಕೊಂಡವರ ಖಾತೆಗೆ ಆಯಾ ವರ್ಷವೇ ಖರ್ಚು ಬರೆದು, ಆ ಹಣವನ್ನು ಮಾಲೀಕನ ಕೈಗೆ ಸಿಗದಂತೆ ಬೇರೆ ಇಡದಿದ್ದರೆ, ಅದು ಮುಪ್ಪಿನಲ್ಲಿ ದುಡಿದವನ ಮನೆಗೇ ಬಂದು ಬೀಳುತ್ತದೆ. ಆಸ್ಪತ್ರೆಯ ಚೀಟಿಯಾಗಿ ಬೀಳುತ್ತದೆ. ಹೆಂಡತಿ ಮಕ್ಕಳ ನಿದ್ದೆಗೆಟ್ಟ ರಾತ್ರಿಗಳಾಗಿ ಬೀಳುತ್ತದೆ. ಹಾರ, ಬಿರುದು, ಪ್ರತಿಮೆ ಯಾವುದೂ ಆ ಚೀಟಿಯನ್ನು ತೀರಿಸುವುದಿಲ್ಲ.

ಆದ್ದರಿಂದ ಮುಂದೆ ಕರಾರಿನ ಮಾತುಕತೆಗೆ ಕೂತಾಗ ಬೋನಸ್ಸು, ತುಟ್ಟಿಭತ್ಯಗಳ ಜೊತೆ ಇನ್ನೊಂದು ಪ್ರಶ್ನೆಯನ್ನೂ ಮೇಜಿನ ಮೇಲೆ ಇಡಬೇಕು. ಯಂತ್ರದ ಸವಕಳಿ ಎಷ್ಟೆಂದು ನಿಮ್ಮ ಅಢಾವೆ ಪತ್ರಿಕೆಯಲ್ಲಿ ಬರೆದಿದ್ದೀರಿ, ಓದಿದೆವು. ಅದೇ ವರ್ಷ, ಅದೇ ಯಂತ್ರದ ಮುಂದೆ ನಿಂತವನ ಸವಕಳಿಯನ್ನು ಯಾವ ಪುಟದಲ್ಲಿ ಬರೆದಿದ್ದೀರಿ, ತೋರಿಸಿರಿ.